ಆಕ್ಸೆಂಟ್ ಸರಿಯಿಲ್ಲ ಅಂದರು, ದೂರು ಕೊಟ್ಟೆ

ಕ್ಯಾಲಿಫೋರ್ನಿಯಾದ ಸಿವಿಲ್ ರೈಟ್ಸ್ ಡಿಪಾರ್ಟ್‌ಮೆಂಟ್‌ಗೆ (ಭೇದಭಾವದ ದೂರುಗಳನ್ನು ನೋಡುವ ರಾಜ್ಯ ಸರ್ಕಾರದ ಇಲಾಖೆ) ನನ್ನ ಆಕ್ಸೆಂಟ್ (ಇಂಗ್ಲಿಷ್ ಮಾತಾಡುವ ಧಾಟಿ) ಹಿಡಿದು ಕೆಲಸದಲ್ಲಿ ಭೇದಭಾವ ಮಾಡಿದರು ಅಂತ ನಾನು ಕೊಟ್ಟ ದೂರು ರಾಜಿಯಲ್ಲಿ ಮುಗಿದಿದೆ. ಅದರ ಬಗ್ಗೆ ಬರಿ ಅಂತ ಇಲ್ಲಿನ ಸ್ನೇಹಿತರು ಹೇಳುತ್ತಲೇ ಇದ್ದರು. ಬರೆಯಬಹುದಾ ಅಂತ ನೋಡಲು ರಾಜಿ ಪತ್ರವನ್ನು ಮತ್ತೆ ತೆಗೆದು ಓದಿದೆ. ಬರೆಯಬಹುದು. 2022ರ ಜನವರಿಯಿಂದ ಈ ರಾಜ್ಯದಲ್ಲಿ ಒಂದು ಕಾನೂನು ಜಾರಿಯಲ್ಲಿದೆ. ಇಂಥ ದೂರು ದಾಖಲಾದ ಮೇಲೆ ರಾಜಿ ಮಾಡಿಕೊಂಡರೆ, ಕೆಲಸದ ಜಾಗದಲ್ಲಿ ನಡೆದ ಭೇದಭಾವದ ಬಗ್ಗೆ ಬಾಯಿ ಬಿಡಬಾರದು ಅಂತ ಷರತ್ತು ಹಾಕುವಂತಿಲ್ಲ. ಕೊಟ್ಟ ದುಡ್ಡೆಷ್ಟು ಅನ್ನುವುದನ್ನು ಮಾತ್ರ ಗುಟ್ಟಾಗಿ ಇಡಬಹುದು. ನಮ್ಮದರಲ್ಲಿ ಇಟ್ಟಿದ್ದಾರೆ. ಹಾಗಾಗಿ ಎಷ್ಟು ಸಿಕ್ಕಿತು ಅಂತ ಕೇಳಬೇಡಿ. ಕಂಪನಿ ಯಾವುದು ಅನ್ನುವುದೂ ಬೇಡ, ಅದರಿಂದ ಯಾರಿಗೂ ಉಪಯೋಗವಿಲ್ಲ.

ನಾನು ಹಾಸನ ಜಿಲ್ಲೆಯವನು. ಏಳನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ನನ್ನ ಇಂಗ್ಲಿಷ್ ಕೇಳಿದರೆ ಅದು ಗೊತ್ತಾಗುತ್ತದೆ, ಅದನ್ನು ಬದಲಾಯಿಸಿಕೊಳ್ಳಬೇಕು ಅಂತ ನನಗೆ ಯಾವತ್ತೂ ಅನಿಸಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಒಂದು ಮಧ್ಯಮ ಗಾತ್ರದ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಆಸ್ಪತ್ರೆಗಳು ಕೊಳ್ಳುವ ಸಾಫ್ಟ್‌ವೇರ್. ಅದನ್ನು ಗ್ರಾಹಕರಿಗೆ ತೋರಿಸಿ, ಅವರ ಪ್ರಶ್ನೆಗಳಿಗೆ ಉತ್ತರ ಹೇಳಿ, ಅವರಲ್ಲಿ ಅಳವಡಿಸಿಕೊಡುವುದು ನನ್ನ ಪಾಲಿನ ಕೆಲಸ. ಡೆಮೊ ಕೊಡುವುದೇ ನನ್ನ ಅನ್ನ. ಪ್ರತಿ ಡೆಮೊ ಆದ ಮೇಲೆ ಗ್ರಾಹಕರಿಗೆ ಒಂದು ಚಿಕ್ಕ ಸಮೀಕ್ಷೆ ಹೋಗುತ್ತಿತ್ತು. ನನ್ನ ಅಂಕ ತಂಡದಲ್ಲಿ ಯಾವಾಗಲೂ ಮೇಲಿನ ಸಾಲಿನಲ್ಲೇ ಇರುತ್ತಿತ್ತು.

ಹೊಸ ಡೈರೆಕ್ಟರ್ ಬಂದರು. ಭಾರತೀಯ ಮೂಲದವರೇ, ಆದರೆ ಹುಟ್ಟಿ ಬೆಳೆದದ್ದು ಇಲ್ಲಿ. ಮೊದಲ ಕೆಲವು ವಾರ ಏನೂ ಇಲ್ಲ. ಆಮೇಲೆ ದೊಡ್ಡ ಡೆಮೊಗಳಲ್ಲಿ ನಾನು ಹಿಂದೆ ಕೂತು ಸ್ಕ್ರೀನ್ ಓಡಿಸಬೇಕು, ಮಾತು ಬೇರೆಯವರದು. ಯಾಕೆ ಅಂದರೆ, ಆಸ್ಪತ್ರೆಯ ದೊಡ್ಡವರಿಗೆ ನಿಮ್ಮ ಮಾತು ಹಿಡಿಯುವುದು ಕಷ್ಟ. ಯಾರು ಹಾಗೆ ಹೇಳಿದ್ದು ಅಂತ ಕೇಳಿದರೆ, ಯಾರೂ ಹೇಳಬೇಕಿಲ್ಲ, ನನಗೇ ಗೊತ್ತಾಗುತ್ತದೆ ಅಂದರು. ತಂಡಕ್ಕೆ ಲೀಡ್ ಹುದ್ದೆ ಬಂತು. ನಾನೇ ಕೆಲಸ ಕಲಿಸಿದ್ದ ಒಬ್ಬರಿಗೆ ಅದು ಹೋಯಿತು. ಕಾರಣ ಕೇಳಿ ಮೇಲ್ ಬರೆದೆ. ಗ್ರಾಹಕರ ಎದುರು ನಿಲ್ಲುವ ಹುದ್ದೆಗೆ ಇನ್ನೂ ಸ್ವಲ್ಪ ನ್ಯೂಟ್ರಲ್ ಆದ ದನಿ ಬೇಕು ಅಂತ ಉತ್ತರ ಬಂತು. ಆ ಒಂದು ಸಾಲು ಇಲ್ಲದಿದ್ದರೆ ಈ ಕಥೆ ಬಹುಶಃ ಇಲ್ಲಿಗೇ ಮುಗಿಯುತ್ತಿತ್ತು.

ಎಚ್‌ಆರ್‌ಗೆ ಬರವಣಿಗೆಯಲ್ಲಿ ದೂರು ಕೊಟ್ಟೆ. ವಿಚಾರಿಸಿದ್ದೇವೆ, ಏನೂ ಕಂಡುಬಂದಿಲ್ಲ ಅಂದರು. ಅದಾಗಿ ಸ್ವಲ್ಪ ದಿನಕ್ಕೇ ನನ್ನ ಕೈಗೆ ಪಿಐಪಿ ಬಂತು. ಕೆಲಸ ಸುಧಾರಿಸಿಕೊಳ್ಳಲು ಕೊಡುವ ಗಡುವು ಅಂತ ಅದರ ಹೆಸರು. ಬಾಗಿಲು ಆ ಕಡೆ ಇದೆ ಅಂತ ತೋರಿಸುವ ಕಾಗದ ಅದು ಅಂತ ಐಟಿಯವರಿಗೆಲ್ಲ ಗೊತ್ತು.

ಊರಿಗೆ ಫೋನ್ ಮಾಡಿದಾಗ ದೊಡ್ಡಪ್ಪ ಹೇಳಿದ್ದು ಒಂದೇ ಮಾತು. ಕೋರ್ಟಿಗೆ ಹೋಗಿ ಗೆದ್ದವನು ಸೋತ, ಸೋತವನು ಸತ್ತ. ಗದ್ದೆಯ ಬದುವಿನ ವಿಷಯಕ್ಕೆ ಸಕಲೇಶಪುರದ ಕೋರ್ಟಿಗೆ ಅಲೆದು ಚಪ್ಪಲಿ ಸವೆಸಿದವರು ಅವರು, ಅವರ ಮಾತಿಗೆ ತೂಕ ಇದೆ. ಇಲ್ಲಿನ ಸ್ನೇಹಿತರ ಹೆದರಿಕೆ ಬೇರೆ. ಎಚ್-1ಬಿ ವೀಸಾ ಮೇಲಿದ್ದೀಯ, ಸುಮ್ನೆ ಇರಬಾರದಾ? ಕೆಲಸ ಹೋದರೆ ಇನ್ನೊಂದು ಹುಡುಕಲು ಸಿಗುವುದು ಹೆಚ್ಚೆಂದರೆ 60 ದಿನ. ಮಗಳು ಸ್ಕೂಲಿಗೆ ಹೋಗುತ್ತಿದ್ದಾಳೆ. ಇದೆಲ್ಲ ನಿಜವೇ. ನನ್ನ ಅದೃಷ್ಟಕ್ಕೆ ಐ-140, ಅಂದರೆ ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಅರ್ಜಿ, ಮಂಜೂರಾಗಿ 180 ದಿನ ದಾಟಿತ್ತು. ಅಷ್ಟಾದ ಮೇಲೆ ಕಂಪನಿ ಅದನ್ನು ವಾಪಸ್ ಪಡೆದರೂ ಗ್ರೀನ್ ಕಾರ್ಡ್ ಸಾಲಿನಲ್ಲಿ ನನ್ನ ಜಾಗ ಹೋಗುವುದಿಲ್ಲ. ಅದೊಂದು ಧೈರ್ಯ. ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ನಿಮ್ಮ ವೀಸಾ ಏನೇ ಇರಲಿ, ಅಥವಾ ಕಾಗದವೇ ಇಲ್ಲದಿರಲಿ, ಕೆಲಸದ ಜಾಗದ ಭೇದಭಾವದ ವಿರುದ್ಧ ಈ ರಾಜ್ಯದ ಕಾನೂನು ನಿಮಗೂ ಅನ್ವಯಿಸುತ್ತದೆ. ಹಕ್ಕು ಕೇಳಿದವನನ್ನು ಇಮಿಗ್ರೇಷನ್‌ಗೆ ಹಿಡಿದುಕೊಡುತ್ತೇನೆ ಅಂತ ಮಾಲೀಕ ಹೆದರಿಸಿದರೆ ಅದೇ ಇನ್ನೊಂದು ತಪ್ಪಾಗುತ್ತದೆ.

ಮೊದಲು ಒಬ್ಬ ವಕೀಲರ ಹತ್ತಿರ ಹೋದೆ. ಮೊದಲ ಮಾತುಕತೆಗೆ ಫೀಸ್ ಇರಲಿಲ್ಲ. ನನ್ನ ಕಥೆ ಪೂರ್ತಿ ಕೇಳಿ ಆಕೆ ಹೇಳಿದರು: ಅನ್ಯಾಯ ಮಾಡುವುದು ಇಲ್ಲಿ ಕಾನೂನಿಗೆ ವಿರುದ್ಧ ಅಲ್ಲ. ನಾನು ದಂಗಾದೆ. ಬಾಸ್ ಮೂರ್ಖ ಇರಬಹುದು, ತನಗೆ ಬೇಕಾದವರನ್ನು ಮೇಲೆ ತರಬಹುದು, ಅರ್ಹರನ್ನು ಮೂಲೆಗೆ ತಳ್ಳಬಹುದು. ಅದನ್ನು ನಿಮ್ಮ ಜನಾಂಗ, ಬಣ್ಣ, ಧರ್ಮ, ಲಿಂಗ, ಹುಟ್ಟಿದ ದೇಶ, ಅಂಗವೈಕಲ್ಯ, 40 ದಾಟಿದ ವಯಸ್ಸು, ಇಂಥ ಪಟ್ಟಿಯಲ್ಲಿರುವ ಕಾರಣಕ್ಕೆ ಮಾಡಿದರೆ ಮಾತ್ರ ತಪ್ಪು. ಏನು ಮಾಡಿದರು ಅನ್ನುವುದಕ್ಕಿಂತ ಯಾಕೆ ಮಾಡಿದರು ಅನ್ನುವುದೇ ಇಡೀ ಕೇಸು. ಮುಂದೆ ಆದದ್ದೆಲ್ಲ ಈ ಮಾತಿನ ಸುತ್ತಲೇ ತಿರುಗಿತು.

ಆಕ್ಸೆಂಟ್ ಆ ಪಟ್ಟಿಯಲ್ಲಿ ಇದೆಯಾ? ನೇರವಾಗಿ ಇಲ್ಲ. ಆದರೆ ಹುಟ್ಟಿದ ದೇಶ ಅನ್ನುವುದರ ಒಳಗೆ ಅದು ಬರುತ್ತದೆ ಅಂತ ರಾಜ್ಯದ ನಿಯಮಗಳು ಬಿಡಿಸಿ ಹೇಳುತ್ತವೆ. 2018ರ ಜುಲೈಯಲ್ಲಿ ಜಾರಿಗೆ ಬಂದ ನಿಯಮ. ಆಕ್ಸೆಂಟ್ ಕಾರಣಕ್ಕೆ ಒಬ್ಬರನ್ನು ಬೇರೆಯಾಗಿ ನಡೆಸಿಕೊಳ್ಳುವಂತಿಲ್ಲ. ಆ ಉಚ್ಚಾರಣೆಯಿಂದ ಆ ಕೆಲಸಕ್ಕೆ ನಿಜವಾಗಿ ಅಡ್ಡಿಯಾಗುತ್ತಿದೆ ಅಂತ ಕಂಪನಿ ತೋರಿಸಿದರೆ ಮಾತ್ರ ವಿನಾಯಿತಿ. ತೋರಿಸುವ ಭಾರ ಕಂಪನಿಯ ಮೇಲೆ. ಬಾಸ್‌ಗೆ ಕೇಳಲು ಹಿತವಾಗಿಲ್ಲ ಅನ್ನುವುದು ಸಾಲದು.

ಕೋರ್ಟಿನ ದಾರಿ ನನಗೆ ಬೇಡ ಅನಿಸಿತು. ವಕೀಲರ ಪಾಲು ಸಾಮಾನ್ಯವಾಗಿ ಸಿಕ್ಕಿದ್ದರಲ್ಲಿ ಮೂರನೇ ಒಂದರಿಂದ ಶುರು. ಅದಕ್ಕಿಂತ ಮುಖ್ಯವಾಗಿ, ಕೆಲಸಕ್ಕೆ ಸೇರುವಾಗ ನಾವೆಲ್ಲ ಓದದೆ ಸಹಿ ಹಾಕುವ ಕಾಗದಗಳಲ್ಲಿ ಒಂದು ಆರ್ಬಿಟ್ರೇಷನ್ ಒಪ್ಪಂದ ಇತ್ತು. ಏನೇ ತಕರಾರು ಬಂದರೂ ಕೋರ್ಟಿಗೆ ಹೋಗದೆ ಖಾಸಗಿ ತೀರ್ಪುಗಾರರ ಮುಂದೆ ತೀರಿಸಿಕೊಳ್ಳಬೇಕು ಅಂತ. ಆದರೆ ಆ ಒಪ್ಪಂದ ಇಲಾಖೆಯನ್ನು ಕಟ್ಟಿಹಾಕುವುದಿಲ್ಲ. ಸಿಸ್ಕೋ ಕಂಪನಿಯ ಮೇಲಿನ ಜಾತಿ ಭೇದದ ಪ್ರಕರಣದಲ್ಲಿ ಇದೇ ಪ್ರಶ್ನೆ ಬಂದಿತ್ತು. ಇಲಾಖೆ ಆ ಒಪ್ಪಂದಕ್ಕೆ ಸಹಿ ಹಾಕಿದ್ದಲ್ಲ, ಹಾಗಾಗಿ ಅದಕ್ಕೆ ಬದ್ಧವಲ್ಲ ಅಂತ 2022ರಲ್ಲಿ ರಾಜ್ಯದ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು.

ಈ ಇಲಾಖೆಗೆ ಹಳೆಯ ಬೇರಿದೆ. ಬರ್ಕ್ಲಿಯ ಸ್ಯಾಕ್ರಮೆಂಟೊ ಸ್ಟ್ರೀಟ್‌ನಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದ ಬೈರನ್ ರಮ್‌ಫರ್ಡ್ ಎಂಬ ಕಪ್ಪು ಜನಾಂಗದ ಶಾಸಕರು ವರ್ಷಾನುಗಟ್ಟಲೆ ಹೋರಾಡಿದ ಮೇಲೆ 1959ರಲ್ಲಿ ಕೆಲಸದಲ್ಲಿ ಭೇದ ಮಾಡಬಾರದು ಅನ್ನುವ ಕಾನೂನು ಬಂತು. 1963ರಲ್ಲಿ ಅವರ ಹೆಸರಿನದೇ ಮನೆ ಕಾನೂನು ಬಂತು. ಬಾಡಿಗೆಗೆ ಕೊಡುವಾಗ, ಮಾರುವಾಗ ಭೇದ ಮಾಡಬಾರದು ಅಂತ. ಮರುವರ್ಷವೇ ಜನ ಮತ ಹಾಕಿ ಅದನ್ನು ಕಿತ್ತುಹಾಕಿದರು. ಮತ ಹಾಕಿದವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಜನ! 1967ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ಮತವನ್ನೇ ಅಸಿಂಧು ಮಾಡಿತು. 1980ರಲ್ಲಿ ಎರಡೂ ಕಾನೂನು ಸೇರಿ ಒಂದಾದವು. ಇಲಾಖೆಯ ಈಗಿನ ಹೆಸರು ಬಂದದ್ದು 2022ರಲ್ಲಿ. ಹಳೆಯ ಕಾಗದಗಳಲ್ಲಿ ಡಿಎಫ್‌ಇಎಚ್ ಅಂತ ಕಂಡರೆ ಅದೇ ಇದು.

ದೂರು ಕೊಡುವ ಮುನ್ನ ವಕೀಲರು ಹೇಳಿದ ಎರಡು ಎಚ್ಚರಿಕೆ ಇಲ್ಲಿ ಹೇಳಲೇಬೇಕು. ಬಾಸ್ ಜೊತೆಗಿನ ಮಾತನ್ನು ಫೋನ್‌ನಲ್ಲಿ ಗುಟ್ಟಾಗಿ ರೆಕಾರ್ಡ್ ಮಾಡಬೇಡಿ. ಈ ರಾಜ್ಯದಲ್ಲಿ ಖಾಸಗಿ ಮಾತುಕತೆಯನ್ನು ಎಲ್ಲರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡುವುದು ಅಪರಾಧ. ಆಫೀಸಿನ ಕಡತಗಳನ್ನು ಗುಂಪುಗುಂಪಾಗಿ ಮನೆಯ ಮೇಲ್‌ಗೆ ಕಳಿಸಿಕೊಳ್ಳಬೇಡಿ, ನಿಮ್ಮನ್ನು ತೆಗೆಯಲು ಅದೊಂದೇ ಸಾಕು. ಅದರ ಬದಲು ಒಂದು ಚೀಟಿ ಬರೆದು ನಿಮ್ಮ ಪರ್ಸನೆಲ್ ಫೈಲ್ (ಕಂಪನಿ ಇಟ್ಟಿರುವ ನಿಮ್ಮ ನೌಕರಿಯ ಕಡತ) ಕೇಳಿ. ಬರವಣಿಗೆಯಲ್ಲಿ ಕೇಳಿದರೆ 30 ದಿನದೊಳಗೆ ಕೊಡಬೇಕು, ಕಾನೂನಿದೆ. ನಾನು ಕೇಳಿದೆ, ಕೊಟ್ಟರು. ಹಿಂದಿನ ವರ್ಷಗಳ ಮೌಲ್ಯಮಾಪನ ಪೂರ್ತಿ ಅದರಲ್ಲಿತ್ತು. ಕ್ಲಿಷ್ಟ ವಿಷಯವನ್ನು ಗ್ರಾಹಕರಿಗೆ ಸರಳವಾಗಿ ಹೇಳುತ್ತಾರೆ ಅಂತ ಹಳೆಯ ಮ್ಯಾನೇಜರ್ ಬರೆದಿದ್ದರು. ಅದನ್ನು ನಾನೇ ಮರೆತುಬಿಟ್ಟಿದ್ದೆ.

ದೂರಿನ ಮೊದಲ ಹೆಜ್ಜೆ ಇನ್‌ಟೇಕ್ ಅರ್ಜಿ. ಆನ್‌ಲೈನ್‌ನಲ್ಲಿ ತುಂಬಬಹುದು, ಫೋನ್ ಮಾಡಬಹುದು, ಅಂಚೆಯಲ್ಲೂ ಕಳಿಸಬಹುದು. ಒಂದು ಪೈಸೆ ಶುಲ್ಕವಿಲ್ಲ. ಭಾಷೆ ಬಾರದವರಿಗೆ ದುಭಾಷಿಯ ನೆರವನ್ನೂ ಕೊಡುತ್ತಾರೆ. ಈ ಅರ್ಜಿಯೇ ದೂರಲ್ಲ ಅನ್ನುವುದನ್ನು ಗಮನಿಸಬೇಕು. ಇದನ್ನು ನೋಡಿ, ನಮ್ಮ ಜೊತೆ ಮಾತಾಡಿ, ಕಾನೂನಿನ ವ್ಯಾಪ್ತಿಗೆ ಬರುತ್ತದೆ ಅನಿಸಿದರೆ ಅವರು ದೂರು ತಯಾರಿಸುತ್ತಾರೆ. ಕೆಲಸದ ವಿಷಯವಾದರೆ ಕೊನೆಯ ಘಟನೆಯಿಂದ ಮೂರು ವರ್ಷದೊಳಗೆ ಬರಬೇಕು. 2020ಕ್ಕಿಂತ ಮೊದಲು ಒಂದೇ ವರ್ಷ ಇತ್ತು. ಬಾಡಿಗೆ ಮನೆಯ ವಿಷಯಕ್ಕೆ ಈಗಲೂ ಒಂದೇ ವರ್ಷ. ಕೇಂದ್ರ ಸರ್ಕಾರದಲ್ಲಿ ಕೆಲಸದ ಭೇದಭಾವದ ದೂರು ನೋಡುವ ಇಇಒಸಿಗೂ ದೂರು ಹೋಗಬೇಕೆಂದರೆ ಇಲ್ಲಿ 300 ದಿನದ ಲೆಕ್ಕ. ಕಂಪನಿಯಲ್ಲಿ ಐದು ಜನ ಇದ್ದರೆ ರಾಜ್ಯದ ಕಾನೂನು ಸಾಕು, ಕೇಂದ್ರದ್ದಕ್ಕೆ ಹದಿನೈದು ಜನ ಬೇಕು. ಪರಿಹಾರದ ದುಡ್ಡಿಗೂ ರಾಜ್ಯದ ಕಾನೂನಿನಲ್ಲಿ ಮಿತಿ ಇಲ್ಲ. ಇಲ್ಲಿನ ವಕೀಲರು ರಾಜ್ಯದ ಕಾನೂನಿನ ಕಡೆಗೇ ಯಾಕೆ ವಾಲುತ್ತಾರೆ ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಅರ್ಜಿಯಲ್ಲೇ ಒಂದು ಕವಲು ಬರುತ್ತದೆ. ನನಗೆ ತನಿಖೆ ಬೇಡ, ನೇರ ಕೋರ್ಟಿಗೆ ಹೋಗಲು ಅನುಮತಿ ಪತ್ರ ಕೊಡಿ ಅಂತ ಕೇಳಬಹುದು. ಕೂಡಲೇ ಸಿಗುತ್ತದೆ. ಆದರೆ ಅದನ್ನು ತೆಗೆದುಕೊಂಡರೆ ಇಲಾಖೆ ತನಿಖೆ ಮಾಡುವುದಿಲ್ಲ, ಒಂದು ವರ್ಷದೊಳಗೆ ನೀವೇ ದಾವೆ ಹೂಡಬೇಕು. ವಕೀಲರು ಕೈಯಲ್ಲಿರುವ ಬಹಳ ಜನ ಇದನ್ನೇ ಆರಿಸುತ್ತಾರೆ. ವಕೀಲರಿಲ್ಲದವರು ಬೇಗ ಆಗುತ್ತದಲ್ಲ ಅಂತ ಆ ಗುಂಡಿ ಒತ್ತಿದರೆ ಕಷ್ಟ. ನಾನು ತನಿಖೆ ಆರಿಸಿದೆ.

ಇಂಟರ್‌ವ್ಯೂಗೆ ದಿನ ಕೊಟ್ಟರು. ಫೋನ್‌ನಲ್ಲೇ. ಆ ದಿನ ರಜೆ ಹಾಕಿ, ಕಾರನ್ನು ಲೈಬ್ರರಿಯ ಹಿಂದೆ ನಿಲ್ಲಿಸಿ, ತೊಡೆಯ ಮೇಲೆ ಕಾಗದ ಹರಡಿಕೊಂಡು ಕೂತೆ. ಮಾತಾಡಿದ ಅಧಿಕಾರಿ ಸಮಾಧಾನದ ಹೆಂಗಸು. ನಾನು ಡೈರೆಕ್ಟರ್ ಎಂಥವರು ಅಂತ ಶುರು ಮಾಡಿದೆ. ಆಕೆ ತಡೆದರು. ಅವರು ಎಂಥವರು ಅನ್ನುವುದು ಆಮೇಲೆ, ಮೊದಲು ನಿಮಗೆ ಏನು ತಪ್ಪಿತು ಹೇಳಿ. ಲೀಡ್ ಹುದ್ದೆ. ಯಾವ ತಾರೀಖು? ಹೇಳಿದೆ. ಯಾರು ತೀರ್ಮಾನ ಮಾಡಿದ್ದು? ಹೇಳಿದೆ. ಅದು ನಿಮ್ಮ ಹುಟ್ಟಿದ ದೇಶದ ಕಾರಣಕ್ಕೆ ಅಂತ ಯಾಕೆ ಅನಿಸುತ್ತದೆ? ಮೇಲ್ ಓದಿದೆ. ನ್ಯೂಟ್ರಲ್ ಅನ್ನುವ ಪದವನ್ನು ಆಕೆ ಎರಡು ಸಲ ಓದಿಸಿದರು. ಕೀಲಿಮಣೆಯ ಸದ್ದು ಕೇಳಿಸುತ್ತಿತ್ತು.

ಆಮೇಲೆ ಬಂದ ಪ್ರಶ್ನೆಯೇ ಇಡೀ ಕೇಸನ್ನು ತಿರುಗಿಸಿತು. ನಿಮ್ಮ ತಂಡದಲ್ಲಿ ಬೇರೆ ಯಾರಿಗಾದರೂ ಆಕ್ಸೆಂಟ್ ಇದೆಯಾ?

ಇದೆ. ನಮ್ಮಲ್ಲಿ ಸ್ಕಾಟ್ಲೆಂಡಿನ ಒಬ್ಬರಿದ್ದರು. ಗ್ಲಾಸ್ಗೊ ಊರಿನವರು. ಅವರು ಬಾಯಿ ಬಿಟ್ಟರೆ ಅರ್ಧ ನಮಗೇ ತಿಳಿಯುತ್ತಿರಲಿಲ್ಲ. ಗ್ರಾಹಕರು ಇನ್ನೊಮ್ಮೆ ಹೇಳಿ, ಇನ್ನೊಮ್ಮೆ ಹೇಳಿ ಅಂತ ನಗುನಗುತ್ತಾ ಕೇಳುತ್ತಿದ್ದರು. ಡೈರೆಕ್ಟರ್ ಕೂಡ ಮೀಟಿಂಗ್‌ನಲ್ಲಿ ಅವರ ಮಾತು ಕೇಳಲು ಎಷ್ಟು ಚೆಂದ ಅಂತ ಹೇಳಿದ್ದುಂಟು. ಅವರ ಡೆಮೊಗಳನ್ನು ಯಾರೂ ಕಸಿಯಲಿಲ್ಲ. ಇದನ್ನೆಲ್ಲ ನಾನು ತಮಾಷೆಯ ವಿಷಯ ಅಂದುಕೊಂಡಿದ್ದೆ. ಅಧಿಕಾರಿ ಮಾತ್ರ ನಗಲಿಲ್ಲ. ಅವರ ಹುದ್ದೆ ಏನು, ಅವರ ಸಮೀಕ್ಷೆಯ ಅಂಕ ಎಲ್ಲಿ ನೋಡಬಹುದು ಅಂತ ಕೇಳಿ ಬರೆದುಕೊಂಡರು. ಒಂದೇ ಥರದ ಇಬ್ಬರು, ಒಂದೇ ಥರದ ಕೆಲಸ, ಒಬ್ಬರಿಗೆ ಒಂದು ನಿಯಮ, ಇನ್ನೊಬ್ಬರಿಗೆ ಇನ್ನೊಂದು. ತನಿಖೆ ಮಾಡುವವರು ಹುಡುಕುವುದು ಇದನ್ನು.

ಪಿಐಪಿ ವಿಷಯಕ್ಕೂ ಆಕೆಯೇ ಬೇರೆ ಕಾಲಂ ತೆಗೆದರು. ಭೇದಭಾವ ಅಂತ ದೂರಿದವನ ಮೇಲೆ ಸೇಡು ತೀರಿಸಿಕೊಳ್ಳುವುದು ಪ್ರತ್ಯೇಕ ತಪ್ಪು. ಮೊದಲ ದೂರು ಸಾಬೀತಾಗದೆ ಹೋದರೂ, ಅದನ್ನು ನಂಬಲು ನಿಮಗೆ ತಕ್ಕ ಕಾರಣ ಇದ್ದರೆ, ಸೇಡಿನ ದೂರು ನಿಲ್ಲಬಹುದು.

ಅವರು ತಯಾರಿಸಿ ಕಳಿಸಿದ ದೂರು ನೋಡಿ ಹೆಂಡತಿ ಕೇಳಿದಳು, ಇಷ್ಟೇನಾ? ನಾನು ಪುಟಗಟ್ಟಲೆ ಬರೆದಿದ್ದೆ. ಅವಮಾನ, ನಿದ್ದೆ ಇಲ್ಲದ ರಾತ್ರಿ, ನಾನು ಕೆಲಸ ಕಲಿಸಿದವನೇ ಮೇಲೆ ಕೂತದ್ದು, ಎಲ್ಲ. ಅವರ ದೂರು ಅರ್ಧ ಪುಟ ಮೀರಿರಲಿಲ್ಲ. ಇಂಥ ದಿನ ಅಥವಾ ಅದರ ಆಸುಪಾಸು, ಇಂಥ ಹುದ್ದೆ ನಿರಾಕರಿಸಲಾಯಿತು, ಇಂಥ ಕಾರಣಕ್ಕೆ ಅಂತ ನಂಬುತ್ತೇನೆ. ಓದಿದರೆ ಸಪ್ಪೆ. ಸುಳ್ಳಾದರೆ ಶಿಕ್ಷೆಗೆ ಗುರಿ ಅನ್ನುವ ಸಾಲಿನ ಕೆಳಗೆ ಸಹಿ ಹಾಕಿದೆ. ಅದರ ಒಂದು ಪ್ರತಿ ಕಂಪನಿಗೆ ಹೋಯಿತು, ಇಇಒಸಿಯಲ್ಲೂ ದಾಖಲಾಯಿತು. ಹೊಟ್ಟೆಯಲ್ಲಿ ಕಿವುಚಿದ್ದು ಆವತ್ತು.

ಉತ್ತರ ಕೊಡಲು ಕಂಪನಿಗೆ 30 ದಿನ. ತನಿಖಾಧಿಕಾರಿ ಬೇರೆಯವರು. ಮೊದಲ ಫೋನಿನಲ್ಲೇ ಅವರು ಹೇಳಿದರು: ನಾನು ನಿಮ್ಮ ವಕೀಲ ಅಲ್ಲ, ಕಂಪನಿಯ ವಕೀಲನೂ ಅಲ್ಲ. ಸರ್ಕಾರದಲ್ಲಿ ದೂರು ಕೊಟ್ಟರೆ ಸರ್ಕಾರ ನಮ್ಮ ಪರ ನಿಲ್ಲುತ್ತದೆ ಅಂತ ನಮ್ಮವರು ಅಂದುಕೊಳ್ಳುತ್ತಾರಲ್ಲ, ಹಾಗಲ್ಲ. ತಪ್ಪು ನಡೆದಿದೆ ಅಂತ ತನಿಖೆಯಲ್ಲಿ ಕಂಡ ಮೇಲೆ ಇಲಾಖೆ ಪಕ್ಷ ಹಿಡಿಯುತ್ತದೆ. ಆಗ ಮೊದಲು ಎರಡೂ ಕಡೆಯವರನ್ನು ಮಧ್ಯಸ್ಥಿಕೆಗೆ ಕೂರಿಸಲೇಬೇಕು, ಅದೂ ಮುರಿದರೆ ತಾನೇ ಕೋರ್ಟಿಗೆ ಹೋಗಬಹುದು. 2021ರ ಕೊನೆಯಲ್ಲಿ ರಾಯಟ್ ಗೇಮ್ಸ್ ಎಂಬ ವಿಡಿಯೊ ಗೇಮ್ ಕಂಪನಿಯ ಜೊತೆ 10 ಕೋಟಿ ಡಾಲರ್‌ಗೆ ರಾಜಿಯಾದದ್ದು ಅಂಥ ಒಂದು ಪ್ರಕರಣ. ಆದರೆ ಅದು ಬಹಳಷ್ಟು ಹೆಣ್ಣುಮಕ್ಕಳ ಪರವಾಗಿ ನಡೆದ ಹೋರಾಟ. ನನ್ನಂಥ ಒಂಟಿ ದೂರು ಅಲ್ಲಿಯವರೆಗೆ ಹೋಗುವುದು ಅಪರೂಪ.

ಕಂಪನಿಯ ಉತ್ತರದ ಸಾರವನ್ನು ತನಿಖಾಧಿಕಾರಿ ಫೋನ್‌ನಲ್ಲಿ ಹೇಳಿ, ಒಂದೊಂದಕ್ಕೂ ನನ್ನ ಮಾತು ಕೇಳಿದರು. ಗ್ರಾಹಕರಿಗೆ ಅರ್ಥವಾಗುತ್ತಿರಲಿಲ್ಲ ಅಂತ ಒಂದು. ಯಾವ ಗ್ರಾಹಕ, ಯಾವ ಕರೆ ಅಂತ ಅವರೇ ಕಂಪನಿಯನ್ನು ಕೇಳಿದ್ದರು. ಹೆಸರು ಬಂದಿರಲಿಲ್ಲ. ನನ್ನ ಸಮೀಕ್ಷೆಯ ಅಂಕಗಳು ಬಂದಿದ್ದವು. ಪಿಐಪಿ ನನ್ನ ದೂರಿಗಿಂತ ಮೊದಲೇ ಯೋಚಿಸಿದ್ದು ಅಂತ ಇನ್ನೊಂದು. ಹಾಗಿದ್ದರೆ ಅದರ ಕರಡು ಯಾವ ತಾರೀಖಿನದು? ದೂರು ಬಂದ ಮೇಲೆ ಇಂಥ ದಾಖಲೆಗಳನ್ನು ಅಳಿಸುವಂತಿಲ್ಲ, ಕೇಸು ಮುಗಿಯುವವರೆಗೆ ಇಟ್ಟುಕೊಳ್ಳಬೇಕು. ಕಂಪ್ಯೂಟರ್ ಕಡತಕ್ಕೆ ತಾರೀಖು ಇದ್ದೇ ಇರುತ್ತದಲ್ಲ. ಎಚ್‌ಆರ್‌ಗೆ ನಾನು ಬರೆದದ್ದಕ್ಕಿಂತ ಅದು ಆಮೇಲಿನದು.

ಅವರ ದೊಡ್ಡ ವಾದ ಮೂರನೆಯದು. ಡೈರೆಕ್ಟರೇ ಭಾರತೀಯ ಮೂಲದವರು, ತಂಡದಲ್ಲಿ ಅರ್ಧ ಜನ ಭಾರತೀಯರು, ಇದರಲ್ಲಿ ಭಾರತದ ವಿರುದ್ಧ ಭೇದ ಎಲ್ಲಿಂದ ಬಂತು? ಹೊರಗಿನವರಿಗೆ ಇದು ಸರಿ ಅನಿಸಬಹುದು. ನಮಗೆ ನಗು ಬರುತ್ತದೆ. ಮೈಸೂರಿನವರು ಹುಬ್ಬಳ್ಳಿಯವರ ಮಾತಿಗೆ ನಗುತ್ತಾರೆ, ಬೆಂಗಳೂರಿನವರು ಇಬ್ಬರಿಗೂ ನಗುತ್ತಾರೆ. ಇಲ್ಲೇ ಹುಟ್ಟಿದವರಿಗೆ ಆಮೇಲೆ ಬಂದವರ ಇಂಗ್ಲಿಷ್ ಕೇಳಿದರೆ ಆಗುವ ಮುಜುಗರವನ್ನು ಯಾವುದೇ ದೀಪಾವಳಿ ಪಾರ್ಟಿಯಲ್ಲಿ ನೋಡಬಹುದು. ತನ್ನವರ ಮೇಲೆ ತಾನೇ ಭೇದ ಮಾಡಲು ಸಾಧ್ಯವಿಲ್ಲ ಅಂತ ಕಾನೂನೂ ಹೇಳುವುದಿಲ್ಲ. ಗಂಡಸರ ಮೇಲೆ ಗಂಡಸರೇ ಮಾಡುವ ಲೈಂಗಿಕ ಕಿರುಕುಳವೂ ಭೇದಭಾವವೇ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1998ರಲ್ಲೇ ಹೇಳಿದೆ. ಹಾಗೆ ನೋಡಿದರೆ ಸಿಸ್ಕೋ ಪ್ರಕರಣವೂ ಇದೇ. 2020ರ ಜೂನ್‌ನಲ್ಲಿ ಇಲಾಖೆ ಹೂಡಿದ ಆ ದಾವೆಯಲ್ಲಿ, ಒಬ್ಬ ದಲಿತ ಎಂಜಿನಿಯರ್‌ಗೆ ಮೇಲ್ಜಾತಿಯ ಭಾರತೀಯ ಮೇಲಧಿಕಾರಿಗಳು ಭೇದ ಮಾಡಿದರು ಅನ್ನುವುದು ಆರೋಪ. ಆ ಇಬ್ಬರು ಮೇಲಧಿಕಾರಿಗಳ ಮೇಲಿನ ದಾವೆಯನ್ನು ಇಲಾಖೆಯೇ 2023ರಲ್ಲಿ ಹಿಂದೆ ಪಡೆಯಿತು, ಕಂಪನಿಯ ಮೇಲಿನದನ್ನು ಉಳಿಸಿಕೊಂಡಿತು. ಅದೇ ವರ್ಷ ಜಾತಿ ಅನ್ನುವ ಪದವನ್ನು ಕಾನೂನಿನಲ್ಲಿ ನೇರವಾಗಿ ಸೇರಿಸುವ ಮಸೂದೆಯನ್ನು ಗವರ್ನರ್ ನ್ಯೂಸಮ್ ವೀಟೊ ಮಾಡಿದರು. ಈಗಿರುವ ಕಾನೂನಿನಲ್ಲೇ ಅದಕ್ಕೆ ತಡೆ ಇದೆ ಅನ್ನುವುದು ಅವರು ಕೊಟ್ಟ ಕಾರಣ. ಆ ವಿಷಯ ಬಂದಾಗ ಇಲ್ಲಿನ ನಮ್ಮವರ ಊಟದ ಮನೆಗಳಲ್ಲಿ ಎಷ್ಟು ಜಗಳ ಆಯಿತು ಅಂತ ಇಲ್ಲಿರುವವರಿಗೆ ಗೊತ್ತು. ಆಕ್ಸೆಂಟ್ ವಿಷಯಕ್ಕೆ ನನ್ನ ಬೆನ್ನು ತಟ್ಟಿದ ಕೆಲವರು ಆ ವಿಷಯಕ್ಕೆ ಮುಖ ತಿರುಗಿಸಿದ್ದವರು. ಎರಡರಲ್ಲೂ ಕೇಳುವ ಪ್ರಶ್ನೆ ಒಂದೇ ಅಲ್ವಾ, ಯಾಕೆ ಮಾಡಿದರು ಅಂತ?

ಸಾಕ್ಷಿ ಹೇಳುವವರು ಸಿಗುವುದು ಕಷ್ಟ. ತಂಡದಲ್ಲಿದ್ದ ಇನ್ನೊಬ್ಬ ಕನ್ನಡಿಗ, ನನ್ನ ಆಪ್ತ, ಹೆಸರು ಕೊಡಬೇಡ ಮಾರಾಯ ಅಂದ. ಅವನ ಗ್ರೀನ್ ಕಾರ್ಡ್ ಅರ್ಜಿ ಇನ್ನೂ ಮೊದಲ ಹಂತದಲ್ಲಿತ್ತು. ನಾನು ಒತ್ತಾಯಿಸಲಿಲ್ಲ. ಸಾಕ್ಷಿ ಹೇಳಿದವರನ್ನೂ ಕಂಪನಿ ಮುಟ್ಟುವಂತಿಲ್ಲ ಅನ್ನುವುದು ಕಾಗದದ ಮೇಲೆ ನಿಜ, ಆದರೆ ಅದನ್ನು ನಂಬಿ ಬೇರೆಯವರ ಸಂಸಾರವನ್ನು ಪಣಕ್ಕಿಡಲು ನಾನು ಯಾರು? ಮಾತಾಡಿದ್ದು ಗ್ಲಾಸ್ಗೊದವರು. ತನಿಖಾಧಿಕಾರಿ ಅವರಿಗೆ ಫೋನ್ ಮಾಡಿ, ಅವರ ಮಾತು ತಿಳಿಯದೆ ನಾಲ್ಕು ಸಲ ಕೇಳಬೇಕಾಯಿತು ಅಂತ ಆಮೇಲೆ ಆ ಗ್ಲಾಸ್ಗೊದವರೇ ಹೇಳಿಕೊಂಡು ನಕ್ಕರು.

ಈ ನಡುವೆ ಕಾಯುವುದು ಜಾಸ್ತಿ. ಕೆಲಸದ ದೂರಿನ ತನಿಖೆಗೆ ಸಾಮಾನ್ಯವಾಗಿ ಒಂದು ವರ್ಷದ ಮಿತಿ ಇದೆ. ಫೋನ್ ಬರದ ವಾರಗಳೇ ಹೆಚ್ಚು. ನಾನು ಆ ಕಂಪನಿಯಲ್ಲೇ ಇದ್ದೆ, ಅದೇ ಡೈರೆಕ್ಟರ್ ಜೊತೆ ಅದೇ ಸೋಮವಾರದ ಮೀಟಿಂಗ್. ಪಿಐಪಿ ಗಡುವನ್ನು ಅವರು ಮುಂದಕ್ಕೆ ಹಾಕುತ್ತಾ ಹೋದರು. ತೆಗೆದರೂ ಕಷ್ಟ, ಬಿಟ್ಟರೂ ಕಷ್ಟ. ಕೊನೆಗೆ ನಾನೇ ಬೇರೆ ಕೆಲಸ ಹುಡುಕಿಕೊಂಡೆ. ವೀಸಾ ವರ್ಗಾವಣೆಯ ಅರ್ಜಿ ಹೋದ ಮೇಲೆ ಹೊಸ ಕಡೆ ಸೇರಿದೆ. ಕೆಲಸ ಬಿಟ್ಟರೂ ದೂರು ಸಾಯುವುದಿಲ್ಲ. ಆದರೆ ಕಳೆದುಕೊಂಡ ಸಂಬಳದ ಲೆಕ್ಕ ಅಲ್ಲಿಗೆ ನಿಲ್ಲುತ್ತದೆ, ಅದು ಪರಿಹಾರದ ಮೊತ್ತವನ್ನು ಇಳಿಸುತ್ತದೆ. ವಕೀಲರು ಇದನ್ನು ಹೇಳಿದ್ದರು. ಆದರೂ ಹೊಸ ಆಫೀಸಿನಲ್ಲಿ ಮೊದಲ ಡೆಮೊ ಕೊಟ್ಟ ದಿನ ಆ ಲೆಕ್ಕ ನೆನಪಾಗಲಿಲ್ಲ.

ಮಧ್ಯಸ್ಥಿಕೆಗೆ ಬರುತ್ತೀರಾ ಅಂತ ಇಲಾಖೆ ಎರಡೂ ಕಡೆಯವರನ್ನು ಕೇಳಿತು. ಒಪ್ಪಿದೆವು. ಇದಕ್ಕೂ ಶುಲ್ಕವಿಲ್ಲ, ಮಧ್ಯಸ್ಥರು ಇಲಾಖೆಯವರೇ, ಆದರೆ ತನಿಖೆಯ ವಿಭಾಗಕ್ಕೂ ಅವರಿಗೂ ಸಂಬಂಧವಿಲ್ಲ. ಅಲ್ಲಿ ಆಡಿದ ಮಾತು ತನಿಖಾಧಿಕಾರಿಗೆ ಹೋಗುವುದಿಲ್ಲ, ಕೋರ್ಟಿಗೂ ಹೋಗುವುದಿಲ್ಲ. ಹಾಗಾಗಿ ಯಾರು ಏನು ಹೇಳಿದರು ಅಂತ ನಾನೂ ಬರೆಯುವುದಿಲ್ಲ. ಆ ದಿನಕ್ಕೆ ಮಾತ್ರ ವಕೀಲರನ್ನು ಗಂಟೆ ಲೆಕ್ಕದಲ್ಲಿ ಇಟ್ಟುಕೊಂಡೆ, ಅದು ದುಡ್ಡಿಗೆ ಬಾಳುವ ಕೆಲಸ. ಝೂಮ್‌ನಲ್ಲಿ ನಾವೊಂದು ಕೋಣೆ, ಅವರೊಂದು ಕೋಣೆ. ಮಧ್ಯಸ್ಥರು ಆ ಕಡೆ ಈ ಕಡೆ ಓಡಾಡುತ್ತಾರೆ. ಹಳ್ಳಿಯಲ್ಲಿ ಹೆಣ್ಣು ಗಂಡಿನ ಕಡೆಯವರ ನಡುವೆ ಓಡಾಡುವ ದಳ್ಳಾಳಿ ಹಾಗೆ. ಬೆಳಿಗ್ಗೆ ಶುರುವಾದದ್ದು ಸಂಜೆ ಮಗಳು ಸ್ಕೂಲಿಂದ ಬಂದು, ತಿಂಡಿ ತಿಂದು, ಮತ್ತೆ ಆಡಲು ಹೋದ ಮೇಲೂ ನಡೆಯುತ್ತಿತ್ತು.

ರಾಜಿ ಪತ್ರದಲ್ಲಿ ದುಡ್ಡಿನ ಜೊತೆ ಬೇರೆಯವೂ ಇವೆ. ಪಿಐಪಿ ನನ್ನ ಫೈಲಿಂದ ಹೊರಗೆ. ಯಾರಾದರೂ ನನ್ನ ಬಗ್ಗೆ ವಿಚಾರಿಸಿದರೆ ಹುದ್ದೆ, ತಾರೀಖು ಇಷ್ಟೇ ಹೇಳಬೇಕು. ಗ್ರಾಹಕರ ಎದುರು ನಿಲ್ಲುವ ಹುದ್ದೆಗಳಿಗೆ ಜನರನ್ನು ಆರಿಸುವ ಮ್ಯಾನೇಜರ್‌ಗಳಿಗೆ ತರಬೇತಿ. ತಪ್ಪು ಮಾಡಿದ್ದೇವೆ ಅಂತ ಕಂಪನಿ ಒಪ್ಪಿಕೊಂಡಿಲ್ಲ, ಆ ಸಾಲು ಎಲ್ಲ ರಾಜಿಗಳಲ್ಲೂ ಇರುತ್ತದಂತೆ. ನನಗೆ ಬೇಕಾಗಿದ್ದದ್ದು ಅದೇ ಸಾಲು, ಅದೇ ಸಿಗಲಿಲ್ಲ. ಇನ್ನು ಮುಂದೆ ಈ ಕಂಪನಿಗೆ ಕೆಲಸಕ್ಕೆ ಅರ್ಜಿ ಹಾಕಬಾರದು ಅಂತ ಹಿಂದೆ ಇಂಥ ಪತ್ರಗಳಲ್ಲಿ ಬರೆಸಿಕೊಳ್ಳುತ್ತಿದ್ದರು. 2020ರಿಂದ ಅದಕ್ಕೂ ತಡೆ ಇದೆ. ನಾನೇನೂ ಹಾಕುವುದಿಲ್ಲ ಬಿಡಿ. ಮುಂದಿನ ಜನವರಿಯಲ್ಲಿ ಎರಡು ತೆರಿಗೆ ಕಾಗದ ಬಂದವು. ಸಂಬಳದ ಪಾಲಿಗೆ ಡಬ್ಲ್ಯೂ-2, ಮನಸ್ಸಿಗಾದ ನೋವಿನ ಪಾಲಿಗೆ 1099. ಮೈಗೆ ಪೆಟ್ಟಾಗದ ನೋವಿಗೆ ಇಲ್ಲಿ ತೆರಿಗೆ ಇದೆ.

ಈಗ ಪರಿಚಯದವರು ಆಗಾಗ ಫೋನ್ ಮಾಡುತ್ತಾರೆ. ಬಸುರಿ ಅಂತ ಗೊತ್ತಾದ ಮೇಲೆ ಪ್ರಾಜೆಕ್ಟ್ ಕಿತ್ತುಕೊಂಡರಂತೆ ಒಬ್ಬರಿಗೆ. ಚಿಕ್ಕ ಮಕ್ಕಳಿದ್ದಾರೆ ಅಂತ ಮನೆ ಕೊಡಲಿಲ್ಲವಂತೆ ಇನ್ನೊಬ್ಬರಿಗೆ. ಅವರಿಗೆ ಒಂದು ವರ್ಷದ ಗಡುವು ಹತ್ತಿರ ಬಂದಿತ್ತು, ಅವತ್ತೇ ಅರ್ಜಿ ತುಂಬಿಸಿದೆ. ಕಳೆದ ತಿಂಗಳು ಮಾಡಿದ ಹುಡುಗ ಮಾತ್ರ ಒಂದು ಗಂಟೆ ತನ್ನ ಬಾಸ್ ಬಗ್ಗೆ ಹೇಳಿದ. ಕೂಗಾಡುತ್ತಾನೆ, ರಾತ್ರಿ ಹನ್ನೊಂದಕ್ಕೆ ಮೆಸೇಜ್ ಹಾಕುತ್ತಾನೆ, ರಜೆ ಕೊಡುವುದಿಲ್ಲ. ನಿನಗೊಬ್ಬನಿಗೇನಾ ಅಂತ ಕೇಳಿದೆ. ಇಲ್ಲಣ್ಣ, ಎಲ್ಲರಿಗೂ ಹಾಗೇ, ಬಿಳಿಯರಿಗೂ ಚೀನಿಯರಿಗೂ ಯಾರನ್ನೂ ಬಿಡಲ್ಲ ಅಂದ. ಹಾಗಿದ್ದರೆ ಈ ಇಲಾಖೆಯಲ್ಲಿ ನಿನ್ನ ಬಾಸ್‌ಗೆ ಕಾಲಂ ಇಲ್ಲ, ರೆಸ್ಯುಮೆ ಕಳಿಸು ಅಂದೆ. ಬೇಜಾರು ಮಾಡಿಕೊಂಡ. ರೆಸ್ಯುಮೆ ಇನ್ನೂ ಕಳಿಸಿಲ್ಲ.